ಓದೋಕೆ ಬರಲ್ಲ ಅನ್ನೋ ಮಗುವಿಗೆ ನಿಜವಾಗಿ ಏನು ಬರಲ್ಲ?

ಬಾಗೇಪಲ್ಲಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ಟೀಚರ್. ನಲಿ-ಕಲಿ ಅಂದರೆ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ನಮ್ಮೂರಲ್ಲಿ ಮನೆಮಾತು ತೆಲುಗು, ಶಾಲೆಯಲ್ಲಿ ಪಾಠ ಕನ್ನಡ. ಈ ಮಕ್ಕಳಿಂದ ನಾನು ಕಲಿತದ್ದು ಇದು: ‘ಓದೋಕೆ ಬರಲ್ಲ’ ಎಂದು ಬರೆದಿಟ್ಟರೆ ಏನೂ ಹೇಳಿದ ಹಾಗಾಗಲ್ಲ. ಮಗು ಎಲ್ಲಿ ನಿಂತಿದೆ ಅಂತ ಗೊತ್ತಾಗಬೇಕು.

ಎರಡನೇ ತರಗತಿಯ ಹುಡುಗನೊಬ್ಬ ‘ಅಳಿಲು ಮರ ಹತ್ತಿತು’ ಎಂದು ಎಲ್ಲೂ ಎಡವದೆ ಓದಿದ.

“ಮರ ಹತ್ತಿದ್ದು ಯಾರಪ್ಪಾ?”

“ಅಳಿಲು ಮಿಸ್.”

ಉತ್ತರ ಸರಿ. ಆದರೆ “ಅಳಿಲು ಹೇಗಿರುತ್ತೆ?” ಅಂದರೆ ಸುಮ್ನೆ ನಿಂತ. ಚಿತ್ರ ತೋರಿಸಿದೆ. “ಓ, ಉಡುತನಾ ಮಿಸ್!” ಎಂದವನೇ, ಮನೆ ಹಿಂದಿನ ಹುಣಸೆ ಮರದ ಅಳಿಲಿನ ವಿಷಯವನ್ನೆಲ್ಲ ತೆಲುಗಿನಲ್ಲಿ ಹೇಳತೊಡಗಿದ. ಅಕ್ಷರ ಬರುತ್ತೆ, ಪದ ಗೊತ್ತಿಲ್ಲ. ಅವನ ಪಕ್ಕದ ಹುಡುಗಿಗೆ ಕನ್ನಡದ ಕಥೆ ಹೇಳಿದರೆ ಪೂರ್ತಿ ಅರ್ಥವಾಗುತ್ತೆ. ಆದರೆ ‘ಹತ್ತಿತು’ ಬಂದ ಕೂಡಲೇ ತಡವರಿಸುತ್ತಾಳೆ, ಒತ್ತಕ್ಷರ ಇನ್ನೂ ಗಟ್ಟಿಯಾಗಿಲ್ಲ. ಇಬ್ಬರಿಗೂ ‘ಪಾಠ ಹತ್ತು ಸಲ ಬರೆದುಕೊಂಡು ಬಾ’ ಅಂದರೆ ಯಾರಿಗೆ ಉಪಯೋಗ?

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಇದನ್ನೇ ಒಂದು ಗುಣಾಕಾರವಾಗಿ ಬರೆದರು. ಅಕ್ಷರ ಬಿಡಿಸಿ ಓದುವ ಶಕ್ತಿ, ಮಾತು ಅರ್ಥವಾಗುವ ಶಕ್ತಿ, ಇವೆರಡನ್ನೂ ಗುಣಿಸಿದರೆ ಸಿಗುವುದೇ ಓದು. ಒಂದು ಸೊನ್ನೆಯಾದರೂ ಉತ್ತರ ಸೊನ್ನೆ.

ಆದರೆ ಇಂಗ್ಲಿಷಿನ ಲೆಕ್ಕವನ್ನು ಹಾಗೇ ತಂದು ನಮ್ಮ ಮಕ್ಕಳ ಮೇಲೆ ಹಾಕಬಾರದು. ಅಲ್ಲಿ 26 ಅಕ್ಷರ. ನಮ್ಮಲ್ಲಿ ಕಾಗುಣಿತ ಸೇರಿದರೆ 400ಕ್ಕೂ ಜಾಸ್ತಿ, ಅದರ ಮೇಲೆ ಒತ್ತಕ್ಷರ. ಕನ್ನಡದ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಕ್ಷರಗಳೆಲ್ಲ ಕೈಗೆ ಬರಲು ಶುರುವಿನ ತರಗತಿಗಳಷ್ಟೇ ಸಾಲದು ಎನ್ನುತ್ತದೆ. ಹಾಗಾಗಿ ಮೂರನೇ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದನ್ನು ದಡ್ಡ ಎನ್ನಬೇಡಿ, ದಯವಿಟ್ಟು. ಕಲಿಸುವುದನ್ನು ನಿಲ್ಲಿಸಲೂ ಬೇಡಿ.

ನಲಿ-ಕಲಿಯ ಅಕ್ಷರ ಕ್ರಮ ನನಗೆ ತುಂಬಾ ಇಷ್ಟ. ಅ ಆ ಇ ಈ ಅಂತ ಸಾಲಾಗಿ ಹೋಗಲ್ಲ. ರ, ಗ, ಸ, ದ, ಅ ಮೊದಲು. ಈ ಐದೇ ಅಕ್ಷರಕ್ಕೆ ಸರ, ದರ, ಅಗಸ, ಗರಗಸ ಓದಬಹುದು. ಕಲಿತ ಅಕ್ಷರ ಆವತ್ತೇ ಪದವಾಗುತ್ತೆ.

ಬರವಣಿಗೆಯಲ್ಲಿ ನಾನು ನಂಬುವುದು ಉಕ್ತಲೇಖನವನ್ನು. ಕಾಪಿ ರೈಟಿಂಗ್ ನೋಡಿದರೆ ಕೈಬರಹ ಮಾತ್ರ ಗೊತ್ತಾಗುತ್ತೆ. ಉಕ್ತಲೇಖನದಲ್ಲಿ ಮಗುವಿನ ಕಿವಿಗೆ ಏನು ಬಿತ್ತು ಅನ್ನೋದೇ ಕಾಣುತ್ತೆ. ‘ಹತ್ತಿ’ ಅಂದರೆ ‘ಹತಿ’ ಎಂದು ಬರೆಯುವ ಮಗುವಿನ ಹತ್ತಿರ ‘ಹತ್... ತಿ’ ಎಂದು ನಿಧಾನವಾಗಿ ಹೇಳಿಸಿ, ನಾಲಿಗೆ ಎಲ್ಲಿ ನಿಲ್ಲುತ್ತೆ ಅಂತ ಕೇಳುತ್ತೇನೆ. ಅರ್ಕಾವತ್ತು ಇನ್ನೂ ಕಷ್ಟ. ‘ಸೂರ್ಯ’ದಲ್ಲಿ ರ್ ಮೊದಲು ಕೇಳಿಸುತ್ತೆ, ಅದರ ಗುರುತು ಬರೆಯೋದು ಯ ಆದ ಮೇಲೆ. ಮಗು ಕೇಳಿದ ಕ್ರಮದಲ್ಲೇ ಬರೆದು ‘ಸೂರಯ’ ಅಂತ ಮಾಡಿದರೆ ಅದರ ಕಿವಿ ಸರಿಯಾಗೇ ಇದೆ. ಕಲಿಸಬೇಕಾದ್ದು ಗುರುತಿನ ಜಾಗ ಮಾತ್ರ.

ಮಕ್ಕಳ ತೆಲುಗನ್ನು ಬಾಗಿಲ ಹೊರಗೆ ನಿಲ್ಲಿಸಬೇಡಿ ಎಂದು ಸಹೋದ್ಯೋಗಿಗಳಿಗೆ ನಾನು ಯಾವಾಗಲೂ ಹೇಳುತ್ತೇನೆ. ಪಾಲು–ಹಾಲು, ಪುಲಿ–ಹುಲಿ, ಪಂದಿ–ಹಂದಿ ಅಂತ ಬೋರ್ಡಿನ ಮೇಲೆ ಜೋಡಿ ಬರೆದರೆ ಉಳಿದದ್ದನ್ನು ಮಕ್ಕಳೇ ಹುಡುಕಿ ತರುತ್ತಾರೆ.

ಚಿಕ್ಕ ಮಕ್ಕಳ ಓದು-ಬರಹ, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ್ ಯೋಜನೆಯ ಗುರಿಯಲ್ಲಿ ಮೂರನೇ ತರಗತಿ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥಸಹಿತ ಓದಬೇಕು ಎಂದಿದೆ. ಸಭೆಗಳಲ್ಲಿ 60 ನೆನಪಿರುತ್ತೆ, ‘ಅರ್ಥಸಹಿತ’ ಮರೆತುಹೋಗುತ್ತೆ. ಅದಕ್ಕೇ ಪೋಷಕರ ಸಭೆಯಲ್ಲಿ ತಾಯಂದಿರಿಗೆ ಒಂದು ಕೆಲಸ ಹೇಳುತ್ತೇನೆ. “ನಮಗೆ ಕನ್ನಡ ಓದೋಕೆ ಬರಲ್ವಲ್ಲ ಮೇಡಂ” ಅನ್ನುತ್ತಾರೆ. ಬರೋದು ಬೇಡ ಅಮ್ಮ, ರಾತ್ರಿ ಊಟ ಆದ ಮೇಲೆ ಮಗು ಒಂದು ಪುಟ ಓದಲಿ. ಆಮೇಲೆ ತೆಲುಗಿನಲ್ಲೇ “ಅಂಟೇ ಏಮಿ?” (ಅಂದರೆ ಏನು?) ಅಂತ ಕೇಳಿ. ಮಗು ತೆಲುಗಿನಲ್ಲೇ ಹೇಳಲಿ.