ಚಮಚದ ಮೇಲೆ ದೊಡ್ಡಪತ್ರೆ

"ಯಾವುದಕ್ಕೆ ಮೇಡಂ, ಮದುವೆಗಾ, ಗೃಹಪ್ರವೇಶಕ್ಕಾ?" ಚಿಕ್ಕಪೇಟೆಯ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕುವವರು ಕೇಳಿದರು. ನಾನು ಚೀಟಿ ಕೊಟ್ಟೆ. ಬದನೆ, ಟೊಮೆಟೊ, ಕಾಮಕಸ್ತೂರಿ, ದೊಡ್ಡಪತ್ರೆ. ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು, ಹಿಂದೆ ಮನುಷ್ಯರ ಹೆಸರೇನಾದರೂ ಇದೆಯಾ ಅಂತ ಚೀಟಿ ತಿರುಗಿಸಿಯೂ ನೋಡಿದರು.

ತಾರಸಿಯಲ್ಲಿ ಕುಂಡ ಇಟ್ಟವರಿಗೆ ಈ ಕಷ್ಟ ಗೊತ್ತು. ಮೆಣಸಿನಕಾಯಿ ಸಸಿ ಯಾವುದು, ದಪ್ಪ ಮೆಣಸಿನಕಾಯಿ ಸಸಿ ಯಾವುದು ಅಂತ ಕಾಯಿ ಬಿಡುವ ತನಕ ಹೇಳೋಕಾಗಲ್ಲ. ಐಸ್‌ಕ್ರೀಂ ಕಡ್ಡಿ ಮಳೆಗೆ ಕೊಳೆಯುತ್ತೆ. ಮಾರ್ಕರಿನಲ್ಲಿ ಬರೆದದ್ದು ಬಿಸಿಲಿಗೆ ಮಾಸುತ್ತೆ. ಹಳೇ ಚಮಚವನ್ನು ತಟ್ಟಿ ಚಪ್ಪಟೆ ಮಾಡಿ, ಹೆಸರು ಕೊರೆದು, ಹಿಡಿಯನ್ನು ಮಣ್ಣಿಗೆ ಚುಚ್ಚಿಬಿಟ್ಟರೆ ಆಯ್ತಲ್ಲ. ವಿದೇಶದಲ್ಲಿ ಬೆಳ್ಳಿ ಲೇಪದ ಹಳೇ ಚಮಚಗಳಲ್ಲಿ ಹೀಗೆ ಮಾಡ್ತಾರೆ. ಅವು ಮೆತ್ತಗಿರುತ್ತವೆ. ನಮ್ಮ ಸ್ಟೀಲು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಗೋಣಿಚೀಲದಲ್ಲಿ ಸುತ್ತಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದೆ. ಕೆಳಗಿನ ಮನೆಯವರು ಏನು ರಿಪೇರಿ ಅಂತ ಮೆಸೇಜ್ ಹಾಕಿ ಕೇಳಿದರು. ಮೇಲೆ ಬಂದು ನೋಡಲಿಲ್ಲ.

ಅಕ್ಷರ ಒತ್ತುವ ಪಂಚ್ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಒಂದು ಸೆಟ್ಟಿನಲ್ಲಿ 27 ಪಂಚ್. ಇಂಗ್ಲಿಷಿನ 26 ಅಕ್ಷರ, ಜೊತೆಗೊಂದು '&' ಚಿಹ್ನೆ, ಅಷ್ಟೇ. ಅದರಲ್ಲಿ ದೊಡ್ಡಪತ್ರೆಯ ಒತ್ತಕ್ಷರ ಎಲ್ಲಿಂದ ತರೋದು? ಅದಕ್ಕೇ ಪಾತ್ರೆ ಅಂಗಡಿಗೆ ಹೋದದ್ದು. ನನ್ನ ನಾದಿನಿಗೆ ಇದೆಲ್ಲ ಹುಚ್ಚಾಟ. "ಪ್ಲಾಸ್ಟಿಕ್‌ದು ಆನ್‌ಲೈನ್‌ನಲ್ಲಿ ತರಿಸಬಾರದಾ?" ಅಂದಳು. ಅವಳ ಬಾಲ್ಕನಿಯಲ್ಲಿ ಗಿಡಗಳೂ ಪ್ಲಾಸ್ಟಿಕ್ಕೇ, ಬಿಡಿ.

ಹೆಸರು ಹಾಕುವವರ ಕೈಯಲ್ಲಿ ಕರೆಂಟಿಗೆ ಅದುರುವ ಒಂದು ಪೆನ್ನು. ಮೊನೆ ತಾಗಿದಲ್ಲೆಲ್ಲ ಚುಕ್ಕಿ. ಚುಕ್ಕಿಗಳೇ ಸೇರಿ ಅಕ್ಷರ. ಒತ್ತು, ದೀರ್ಘ ಯಾವುದಕ್ಕೂ ಕೈ ತಡೆಯಲಿಲ್ಲ. ಎಷ್ಟು ಚೆಂದದ ಕೈಬರಹ ಅಂತೀರಿ! ಆದರೆ ಒಂದು ಚಮಚ ಎತ್ತಿಕೊಂಡವರು ನಿಂತುಬಿಟ್ಟರು. ಅದರ ಹಿಂದೆ ಆಗಲೇ 'ಟಿ.ಎಸ್.ಎಲ್.' ಅಂತ ಇತ್ತು. ಉಳಿದವುಗಳ ಮೇಲೆ ಇದ್ದದ್ದು ನಮ್ಮ ತಾತನ ಇನಿಶಿಯಲ್ಲು. (ಅಡುಗೆಮನೆಗೆ ಕಾಲಿಡದ ತಾತನ ಹೆಸರು ಅಡುಗೆಮನೆ ತುಂಬಾ. ಅಜ್ಜಿಯದು ಒಂದರ ಮೇಲೂ ಇಲ್ಲ.)

"ಇದು ನಿಮ್ಮ ಮನೇದಲ್ವಲ್ಲ ಮೇಡಂ?"

"ವಠಾರದಲ್ಲಿದ್ದಾಗ ಯಾರದೋ ಬಂದಿರಬೇಕು."

"ಹಂಗಾದ್ರೆ ಇದು ಬೇಡ." ಪಕ್ಕಕ್ಕಿಟ್ಟರು. "ಈಗೆಲ್ಲ ಯಾರು ಹೆಸರು ಹಾಕಿಸ್ತಾರೆ? ಪಾತ್ರೆ ಮನೆಯಿಂದ ಆಚೆ ಹೋದ್ರೆ ತಾನೆ."

ಮೆಟ್ರೊದಲ್ಲಿ ವಾಪಸ್ ಬರುವಾಗ ಇದೇ ಮಾತು. ಅನ್ನಕ್ಕೆ ಇಟ್ಟಾಗಲೂ ಇದೇ. ಪಾತ್ರೆ ಮನೆಯಿಂದ ಆಚೆ ಹೋದ್ರೆ ತಾನೆ.

ವಠಾರದಲ್ಲಿ ಯಾರ ಮನೆಯಲ್ಲಿ ನಾಮಕರಣ ಆದರೂ ಎಲ್ಲರ ಮನೆಯ ಕೊಳಗ, ತಟ್ಟೆ, ಸೌಟು ಅಲ್ಲಿಗೆ ಹೋಗುತ್ತಿದ್ದವು. ಮುಗಿದ ಮೇಲೆ ನಲ್ಲಿಯ ಹತ್ತಿರ ರಾಶಿ ಹಾಕಿ ತೊಳೆದು, ಹಿಂದೆ ಮುಂದೆ ತಿರುಗಿಸಿ ಹೆಸರು ನೋಡಿ ಹಂಚುತ್ತಿದ್ದರು. ಜಗಳವೂ ಆಗುತ್ತಿತ್ತು, ಇಲ್ಲ ಅನ್ನಲ್ಲ. ಈಗ ಕೇಟರಿಂಗ್‌ನವರು ಪಾತ್ರೆ ಸಮೇತ ಬಂದು ಪಾತ್ರೆ ಸಮೇತ ಹೋಗುತ್ತಾರೆ. ಎದುರು ಮನೆಯವರ ಹೆಸರು ನನಗೆ ಗೊತ್ತಾದದ್ದು ಬಾಗಿಲ ಮುಂದಿನ ಪಾರ್ಸೆಲ್ ನೋಡಿ.

ಅವರೂ ಒಳ್ಳೆಯವರೇ. ಗೌರಿ ಹಬ್ಬಕ್ಕೆ ಒಬ್ಬಟ್ಟು ಕೊಟ್ಟರು, ಪ್ಲಾಸ್ಟಿಕ್ ಡಬ್ಬಿಯಲ್ಲಿ. "ಡಬ್ಬಿ ವಾಪಸ್ ಬೇಡ ಆಂಟಿ" ಅಂದರು. ನನಗೆ ತೊಂದರೆ ಆಗದಿರಲಿ ಅಂತಲೇ ಅಂದದ್ದು. ಆದರೂ ನನಗೆ ಈ ಮಾತು ಆಗಿಬರಲ್ಲ. ಸ್ಟೀಲ್ ಡಬ್ಬಿ ಬಂದಿದ್ದರೆ ಖಾಲಿ ಕೊಡಬಾರದು ಅಂತ ಎರಡು ಚಮಚ ಸಕ್ಕರೆಯಾದರೂ ಹಾಕಿಕೊಂಡು ಹೋಗಿ ಅವರ ಬಾಗಿಲು ತಟ್ಟುತ್ತಿದ್ದೆ. ಐದು ನಿಮಿಷ ನಿಂತು ಮಾತಾಡುತ್ತಿದ್ದೆ. ವಾಪಸ್ ಬೇಡ ಅಂದಮೇಲೆ ಯಾವ ನೆಪದಲ್ಲಿ ಹೋಗಲಿ? ಈ ಸಲ ನನ್ನ ಬದನೆ ಬಿಟ್ಟರೆ ಸ್ಟೀಲ್ ಪಾತ್ರೆಯಲ್ಲೇ ಎಣ್ಣೆಗಾಯಿ ಕೊಡುವುದು ಅಂತ ತೀರ್ಮಾನಿಸಿದ್ದೇನೆ. ವಾಪಸ್ ಬೇಕು ಅಂತ ಬಾಯಿಬಿಟ್ಟು ಹೇಳಿಯೇ ಕೊಡುತ್ತೇನೆ.

ಚಮಚಗಳು ಕುಂಡಗಳಲ್ಲಿ ನಿಂತಿವೆ. ಬದನೆಯ ಹಿಂದೆ ತಾತ, ಟೊಮೆಟೊ ಹಿಂದೆಯೂ ತಾತ. ಟಿ.ಎಸ್.ಎಲ್. ಚಮಚದ ಫೋಟೊ ಅಮ್ಮನಿಗೆ ಕಳಿಸಿದೆ. ಮರುಕ್ಷಣ ಫೋನ್ ಬಂತು.

"ಅಯ್ಯೋ, ಮೂಲೆ ಮನೆಯವರದ್ದು! ನಮ್ಮ ಹಿತ್ತಾಳೆ ಸೌಟು ಅವರ ಹತ್ರಾನೇ ಉಳ್ಕೊಂಡಿದೆ ಕಣೆ."

ಆವತ್ತಿನಿಂದ ಅಮ್ಮ ಹಳೇ ವಠಾರದವರಿಗೆಲ್ಲ ಫೋನ್ ಮಾಡಿ ಅವರ ವಿಳಾಸ ವಿಚಾರಿಸುತ್ತಿದ್ದಾಳೆ. ಚಮಚ ಕೊಡೋಕಾ ಅಂತ ಕೇಳಿದೆ. "ಮೊದ್ಲು ಸೌಟು ಬರ್ಲಿ" ಅಂದಳು.