ಹೆಸರು ಒಂದೇ, ಅಳತೆ ಬೇರೆ: ಎಸ್‌ಯುವಿ ಕೊಳ್ಳುವ ನಮ್ಮೂರಿನವರಿಗೆ

ನಮ್ಮ ಗಂಗಾವತಿ, ಸಿಂಧನೂರು ಕಡೆ ಕಾರು ಅಂದರೆ ಈಗ ಎಸ್‌ಯುವಿ ಅನ್ನೋ ಎತ್ತರದ ಗಾಡಿಯೇ. ಕಾಲುವೆ ಏರಿ ಮೇಲೆ, ಮಳೆ ಬಿದ್ದ ಎರೆ ಹೊಲದ ದಾರಿಯಲ್ಲಿ ಓಡಾಡುವವರಿಗೆ ಅದು ಬೇಕೇ ಬೇಕು, ಶೋಕಿ ಅಲ್ಲ. ಆದರೆ ಅಮೆರಿಕದ ಯಾವುದೋ ವಿಡಿಯೋ ನೋಡಿ ಇಲ್ಲಿ ಗಾಡಿ ಬುಕ್ ಮಾಡುತ್ತಾರಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಹೆಸರು ಒಂದೇ ಇದ್ದರೂ ಗಾಡಿ ಒಂದೇ ಇರಬೇಕೆಂದಿಲ್ಲ. ಕೆಲವು ಸಲ ಗಾಡಿಯೇ ಇಲ್ಲಿಗೆ ಬರುವುದಿಲ್ಲ. ಟೊಯೋಟಾ ರಾವ್4 ಅಮೆರಿಕದಲ್ಲಿ ಬೀದಿ ಬೀದಿಯಲ್ಲಿದೆ, ಇಲ್ಲಿ ಮಾರಾಟಕ್ಕಿಲ್ಲ. ನಮ್ಮಲ್ಲಿ ಎಲ್ಲಿ ನೋಡಿದರೂ ಕಾಣುವ ಹ್ಯುಂಡೈ ಕ್ರೆಟಾ ಅಮೆರಿಕದಲ್ಲಿ ಸಿಗುವುದಿಲ್ಲ.

ಹ್ಯುಂಡೈನವರ ವೆನ್ಯೂ ತೆಗೆದುಕೊಳ್ಳಿ. ಇಲ್ಲಿ ಅದರ ಉದ್ದ 3,995 ಮಿ.ಮೀ. ಅಮೆರಿಕದಲ್ಲಿ ಅದೇ ವೆನ್ಯೂ 4 ಮೀಟರ್ ದಾಟುತ್ತದೆ. ಮಾರುತಿ ಬ್ರೆಝಾ, ಕಿಯಾ ಸೋನೆಟ್ ಕೂಡ ಇಲ್ಲಿ ಸರಿಯಾಗಿ 3,995. ಇದು ಸುಮ್ನೆ ಆದದ್ದಲ್ಲ. 2006ರ ಕೇಂದ್ರ ಬಜೆಟ್‌ನಲ್ಲಿ 4 ಮೀಟರ್ ಒಳಗಿನ, ಸಣ್ಣ ಇಂಜಿನ್‌ನ ಕಾರುಗಳಿಗೆ ಅಬಕಾರಿ ಸುಂಕ (ಕಾರ್ಖಾನೆಯಲ್ಲಿ ತಯಾರಾದ ಮಾಲಿನ ಮೇಲಿನ ತೆರಿಗೆ) ಇಳಿಸಿದರು. ಅಂದಿನಿಂದ ಆ ಗೆರೆ ದಾಟದ ಹಾಗೆ ಕಂಪನಿಗಳು ಗಾಡಿ ಮಾಡುತ್ತಿವೆ. 2025ರ ಸೆಪ್ಟೆಂಬರ್ 22ರಿಂದ ಗೆರೆ ಇನ್ನೂ ದಪ್ಪ ಆಗಿದೆ: ಒಳಗಿದ್ದರೆ ಜಿಎಸ್‌ಟಿ ಶೇ 18, ದಾಟಿದರೆ ಶೇ 40. ಉದ್ದ ಒಂದೇ ಸಾಲದು, ಪೆಟ್ರೋಲ್ ಇಂಜಿನ್ 1,200 ಸಿಸಿ, ಡೀಸೆಲ್ ಇಂಜಿನ್ 1,500 ಸಿಸಿ ಮೀರಬಾರದು. ಬ್ರೆಝಾದ ಪೆಟ್ರೋಲ್ ಇಂಜಿನ್ 1,462 ಸಿಸಿ, ಹಾಗಾಗಿ ಉದ್ದ ಕಡಿಮೆ ಇದ್ದರೂ ಅದು ಶೇ 40ರ ಸಾಲಿಗೇ ಬೀಳುತ್ತದೆ. ಇದನ್ನು ಶೋರೂಮಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ನಮ್ಮ ರಾಜ್ಯದ ರಸ್ತೆ ತೆರಿಗೆ ಬೇರೆ ಇದೆ, ಬೆಲೆ 10 ಲಕ್ಷ ದಾಟಿದರೆ ಅದೂ ಮೇಲಕ್ಕೆ ಹೋಗುತ್ತದೆ.

ಈ ಗೆರೆಗಾಗಿ ಏನು ಕತ್ತರಿಸುತ್ತಾರೆ ಅನ್ನೋದು ಮುಖ್ಯ. 2019ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ300 ಮೂಲದಲ್ಲಿ ಕೊರಿಯಾದ ಸ್ಯಾಂಗ್‌ಯಾಂಗ್ ಟಿವೋಲಿ. ಟಿವೋಲಿ ಸುಮಾರು 4.2 ಮೀಟರ್, ಎಕ್ಸ್‌ಯುವಿ300 ಮಾತ್ರ 3,995 ಮಿ.ಮೀ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಎರಡಕ್ಕೂ 2,600 ಮಿ.ಮೀ., ಅಂದರೆ ಸೀಟಿನ ಜಾಗ ಉಳಿಯಿತು, ಹೊಡೆತ ಬಿದ್ದದ್ದು ಡಿಕ್ಕಿಗೆ. ಅಕ್ಕಿ ಚೀಲ, ಮದುವೆ ಸಾಮಾನು, ಅಜ್ಜಿಯ ವೀಲ್‌ಚೇರ್ ಎಲ್ಲಾ ಒಟ್ಟಿಗೆ ಹಾಕಿಕೊಂಡು ಹೊರಡುವ ಮನೆಗೆ ಆ 20 ಸೆಂಟಿಮೀಟರ್ ದೊಡ್ಡ ವಿಷಯ. ಅದಕ್ಕೇ ನಾನು ಹೇಳುವುದು, ಒಟ್ಟು ಉದ್ದ ಆಮೇಲೆ ನೋಡಿ, ಮೊದಲು ವೀಲ್‌ಬೇಸ್ ಮತ್ತು ಡಿಕ್ಕಿ ನೋಡಿ.

ಬೇರೆ ದೇಶಗಳ ಲೆಕ್ಕ ಬೇರೆ. ಜಪಾನಿನಲ್ಲಿ ಕೇ ಕಾರು ಅನ್ನೋ ಪುಟ್ಟ ಕಾರಿನ ಉದ್ದ 3.4 ಮೀಟರ್, ಅಗಲ 1.48 ಮೀಟರ್, ಇಂಜಿನ್ 660 ಸಿಸಿ ಮೀರುವ ಹಾಗಿಲ್ಲ, ಅಲ್ಲಿನ ಚಿಕ್ಕ ಸುಜುಕಿ ಜಿಮ್ನಿ ಈ ಅಳತೆಯದ್ದೇ. ನಮ್ಮ ಐದು ಬಾಗಿಲಿನ ಜಿಮ್ನಿ ಗುರುಗ್ರಾಮದಲ್ಲಿ ತಯಾರಾಗುತ್ತದೆ. 2025ರ ಜನವರಿಯಲ್ಲಿ ಅದನ್ನೇ ನೊಮಾಡ್ ಅಂತ ಹೆಸರಿಟ್ಟು ಜಪಾನಿನಲ್ಲಿ ಬಿಟ್ಟಾಗ ಕೆಲವೇ ದಿನದಲ್ಲಿ ಬುಕಿಂಗ್ ನಿಲ್ಲಿಸಬೇಕಾಯಿತು. ಇಲ್ಲಿ ಅದಕ್ಕೆ ಅಷ್ಟು ಗಿರಾಕಿ ಇಲ್ಲ, ಬೇಜಾರಿನ ಸಂಗತಿ. ಅಮೆರಿಕದಲ್ಲಿ ಉಲ್ಟಾ, ಅಲ್ಲಿಗೆ ಉದ್ದದ ಗಾಡಿ ಕಳಿಸುತ್ತಾರೆ. ಫೋಕ್ಸ್‌ವ್ಯಾಗನ್ ಟಿಗ್ವಾನ್ ಯುರೋಪಿನಲ್ಲಿ ಸುಮಾರು ನಾಲ್ಕೂವರೆ ಮೀಟರ್, ಅಮೆರಿಕಕ್ಕೆ 2018ರ ಮಾಡೆಲ್‌ನಿಂದ 4.7 ಮೀಟರಿನದ್ದು ಹೋಯಿತು. ಹ್ಯುಂಡೈ ಟಕ್ಸಾನ್ ಯುರೋಪಿನಲ್ಲಿ 4,500 ಮಿ.ಮೀ., ಅಮೆರಿಕಕ್ಕೆ ಹೋದ 4,630 ಮಿ.ಮೀ. ಉದ್ದದ ಗಾಡಿಯೇ ನಮಗೂ ಬಂತು. ಯುರೋಪಿನ ರಿವ್ಯೂ ನೋಡಿ ಹಿಂದಿನ ಸೀಟಿನ ಬಗ್ಗೆ ತೀರ್ಪು ಕೊಟ್ಟರೆ ತಪ್ಪಾಗುತ್ತದೆ, ಅಲ್ವಾ?

ನಮ್ಮ ಕಡೆ ಉದ್ದ, ಅಗಲ ಎರಡನ್ನೂ ನೋಡಬೇಕು. ಬಳ್ಳಾರಿ ಬ್ರೂಸ್‌ಪೇಟೆಯಲ್ಲಾಗಲಿ ರಾಯಚೂರಿನ ತೀನ್ ಕಂದೀಲ್ ಹತ್ತಿರವಾಗಲಿ ಸಂಜೆ ಹೊತ್ತು ಗಾಡಿ ತಿರುಗಿಸಿದವರಿಗೆ ಇದು ಗೊತ್ತು. ಆ ಮೂಲೆಗಳಲ್ಲಿ ನಾಲ್ಕೂಮುಕ್ಕಾಲು ಮೀಟರಿನ ಗಾಡಿ ಹಿಂಸೆ. ಏಪ್ರಿಲ್, ಮೇ ಬಿಸಿಲಿಗೆ ಹಿಂದಿನ ಸೀಟಿಗೆ ಎಸಿ ಗಾಳಿ ಬರುತ್ತದಾ ಅಂತಲೂ ಕೇಳಿ.

ನಾಲ್ಕು ಜನರ ಮನೆ, ಜಾಸ್ತಿ ಊರೊಳಗಿನ ಓಡಾಟ ಅಂದರೆ 4 ಮೀಟರ್ ಒಳಗಿನದ್ದೇ ಸರಿ, ಇಂಜಿನ್ ಸಣ್ಣದಿದ್ದರೆ ತೆರಿಗೆಯೂ ಉಳಿಯುತ್ತದೆ. ದೊಡ್ಡ ಮನೆ, ತಿಂಗಳಿಗೊಮ್ಮೆ ಹೈದರಾಬಾದ್ ಅಥವಾ ಬೆಂಗಳೂರು ಅಂದರೆ 4 ಮೀಟರ್ ಮೀರಿದ್ದು ನೋಡಬೇಕು. ಕಷ್ಟ ಏನೆಂದರೆ ಇಲ್ಲಿ ಹೆಚ್ಚಿನ ಗಾಡಿಗಳು 3,995ರಿಂದ ನೇರ 4,300ಕ್ಕೆ ಜಿಗಿಯುತ್ತವೆ. ನಡುವೆ ಫೋಕ್ಸ್‌ವ್ಯಾಗನ್ ಟೈಗುನ್, ಸ್ಕೋಡಾ ಕುಶಾಕ್ ಇವೆ, ಸುಮಾರು 4.22 ಮೀಟರ್. ಹೇಗೂ ಗೆರೆ ದಾಟಿದ ಮೇಲೆ ಉದ್ದಕ್ಕೆ ಜಾಸ್ತಿ ತೆರಿಗೆ ಇಲ್ಲ ನೋಡಿ, ಅದೇ ಕಂಪನಿಯ ಯುರೋಪಿನ ಟಿ-ಕ್ರಾಸ್‌ಗಿಂತ ಟೈಗುನ್ ವೀಲ್‌ಬೇಸ್ 10 ಸೆಂಟಿಮೀಟರ್ ಉದ್ದ, 2,651 ಮಿ.ಮೀ. ಮಾವನ ಮನೆಗೆ ನಾನು ಹೇಳಿರುವುದು ಟೈಗುನ್, ಕುಶಾಕ್ ಈ ಎರಡನ್ನೇ, ಗೇಟಿನ ಅಗಲ ಅಳೆದು ಬನ್ನಿ ಅಂತಲೂ ಹೇಳಿದ್ದೇನೆ.