ಅತ್ತೂರಿನ ಹರಕೆ, ಬಾಯಿಗೆ ಬಾರದ ಒಂದು ಸಾಲು

ಕಾರ್ಕಳದ ಹತ್ತಿರದ ಅತ್ತೂರಿನ ಇಗರ್ಜಿಗೆ (ಚರ್ಚಿಗೆ) ಹೋಗಿ ಹರಕೆ ತೀರಿಸಬೇಕು ಅಂತ ಮಾವ್ಶಿ ಹೇಳಿದ್ದು ಕೋರ್ಟಿನ ತೀರ್ಪು ಬಂದ ವಾರ. ಜನವರಿಯ ಹಬ್ಬಕ್ಕೆ ಇನ್ನೂ ಎರಡು ತಿಂಗಳಿತ್ತು. "ಹಬ್ಬದ ದಿನವೇ ಹೋಗೋಣ ಪುತಾ. ಹಾಗೇ ಹೇಳಿಕೊಂಡಿದ್ದೇನೆ" ಅಂದರು.

ಮಾವ್ಶಿ ನನ್ನ ಅಮ್ಮನ ತಂಗಿ. ಅವರ ಒಬ್ಬನೇ ಮಗನನ್ನು ಅವನ ಗೆಳೆಯನೇ ಚೂರಿಯಿಂದ ಇರಿದು ಕೊಂದ. ದುಡ್ಡಿನ ವಿಷಯಕ್ಕೆ ಶುರುವಾದ ಜಗಳ. ಆ ರಾತ್ರಿಯನ್ನು ಇಲ್ಲಿ ಬಿಡಿಸಿ ಹೇಳಲು ನನಗೆ ಮನಸ್ಸಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಕೊಂದವನು ಆ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದ. ಮಾವ್ಶಿ ಮಾಡುವ ಸನ್ನ, ಇಡ್ಲಿಯಂಥ ತಿಂಡಿ, ಅಂದರೆ ಅವನಿಗೆ ತುಂಬಾ ಇಷ್ಟ. ನಾಲ್ಕು ಜಾಸ್ತಿಯೇ ಬಡಿಸುತ್ತಿದ್ದರು.

ಕೇಸು ಆರು ವರ್ಷ ಎಳೆಯಿತು. ನಡುವೆ ಇಬ್ಬರು ಸಾಕ್ಷಿಗಳು ತಿರುಗಿಬಿದ್ದರು. ಆಗಲೇ ಮಾವ್ಶಿ ಹರಕೆ ಹೊತ್ತದ್ದು. ನಿಜ ಹೊರಗೆ ಬಂದು ಅವನಿಗೆ ಶಿಕ್ಷೆಯಾದರೆ ಅತ್ತೂರಿಗೆ ಬಂದು ದೊಡ್ಡ ಮೇಣದಬತ್ತಿ ಉರಿಸುತ್ತೇನೆ, ಮಗನ ಹೆಸರಲ್ಲಿ ಪೂಜೆ ಇಡಿಸುತ್ತೇನೆ ಅಂತ. ನಾನಾದರೆ ಗಲ್ಲೇ ಆಗಬೇಕು ಅಂತ ಬೇಡಿಕೊಳ್ಳುತ್ತಿದ್ದೆ. ಜೀವಾವಧಿ ಆಯಿತು. ಗಲ್ಲು ಕೊಡುವಷ್ಟು ಅಪರೂಪದ ಪ್ರಕರಣ ಇದಲ್ಲ ಅಂತ ತೀರ್ಪಿನಲ್ಲಿತ್ತು. ಅಪರೂಪ ಅಲ್ಲ ಅನ್ನುವ ಮಾತು ನನ್ನನ್ನು ತುಂಬಾ ದಿನ ಚುಚ್ಚಿತು. ನಮಗೆ ಇದ್ದದ್ದು ಅವನೊಬ್ಬನೇ ಅಲ್ವಾ?

ಹಬ್ಬದ ದಿನ ಬೆಳಿಗ್ಗೆ ಮಂಗಳೂರಿನ ಕುಲಶೇಖರದಲ್ಲಿ ಕಾರ್ಕಳದ ಬಸ್ಸು ಹತ್ತಿದೆವು. ಅತ್ತೂರಿನ ಸಂತ ಲಾರೆನ್ಸರ ಇಗರ್ಜಿ ಈ ಊರಿನವರಿಗೆ ಹೊಸದಲ್ಲ. 2016ರಲ್ಲಿ ಅದು ಬಸಿಲಿಕಾ ಆಯಿತು, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಇಗರ್ಜಿ. ಆದರೆ ಅದಕ್ಕೂ ಎಷ್ಟೋ ತಲೆಮಾರು ಮೊದಲೇ ಜಾತಿ ಧರ್ಮ ನೋಡದೆ ಜನ ಅಲ್ಲಿಗೆ ಬಂದು ಬತ್ತಿ ಹಚ್ಚಿ, ಪುಷ್ಕರಿಣಿಯ ನೀರು ತೆಗೆದುಕೊಂಡು ಹೋಗುತ್ತಿದ್ದರು. ನಮ್ಮ ಮುಂದೆ ಮಲ್ಲಿಗೆ ಮುಡಿದ ಒಬ್ಬ ಅಜ್ಜಿ ಮೊಮ್ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ನಿಂತಿದ್ದರು. ಹಿಂದೆ ತುಳುವಿನಲ್ಲಿ ಮಾತಾಡುವ ಗಂಡ ಹೆಂಡತಿ. ಬಿಸಿಲು ಜೋರಿತ್ತು. ಮಾವ್ಶಿ ಮೇಣದಬತ್ತಿಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದರು. ಕೈಯ ಬಿಸಿಗೋ ಬಿಸಿಲಿಗೋ ಅದು ನಡುವಿನಲ್ಲಿ ಸ್ವಲ್ಪ ಬಾಗಿತ್ತು.

ಪೂಜೆ ಬರೆಸುವ ಕೌಂಟರಿನಲ್ಲಿ ಕುಳಿತ ಹುಡುಗ ತಲೆಯೆತ್ತದೆ ಕೇಳಿದ, "ಏನಂತ ಬರೀಲಿ ಆಂಟಿ?"

ಮಾವ್ಶಿ ಮಗನ ಹೆಸರು ಹೇಳಿದರು. ತೀರಿಹೋದವನ ಆತ್ಮಕ್ಕೆ ಅಂತ ಅವನು ಬರೆದುಕೊಂಡ. ಹರಕೆಯದ್ದು ಅಂತ ನಾನು ಸೇರಿಸಿದೆ. "ಹಾಗಾದರೆ ಉಪಕಾರ ಸ್ಮರಣೆ ಅಂತಲೂ ಬರೀಲಾ?" ಅಂದ.

ಮಾವ್ಶಿ ಮಾತಾಡಲಿಲ್ಲ. ಹಿಂದಿನ ಸಾಲಿನವರು ಸುಮ್ನೆ ಕಾದರು. ಕೊನೆಗೆ "ಬೇಡ, ಅಷ್ಟು ಸಾಕು" ಅಂತ ದುಡ್ಡು ಕೊಟ್ಟು ಪಕ್ಕಕ್ಕೆ ಬಂದುಬಿಟ್ಟರು. ಯಾಕೆ ಅಂತ ಕೇಳಿದೆ.

"ಅವನ ತಾಯಿಯೂ ಎಲ್ಲೋ ಹರಕೆ ಹೊತ್ತಿರುತ್ತಾಳೆ. ನನ್ನದು ಕೈಗೂಡಿತು, ಅವಳದ್ದು ಕೈಗೂಡಲಿಲ್ಲ. ಇದಕ್ಕೆ ದೇವರಿಗೆ ಏನಂತ ಉಪಕಾರ ಹೇಳುವುದು ಪುತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪೂಜೆಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಸಂತ ಲಾರೆನ್ಸರನ್ನು ಕೊಂದದ್ದು ಕಳ್ಳರಲ್ಲ. ರೋಮಿನ ಚಕ್ರವರ್ತಿ ವಲೇರಿಯನ್ನನ ಆಜ್ಞೆ ಅದು, ಕ್ರಿ.ಶ. 258ರಲ್ಲಿ. ಕಾದ ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಸುಟ್ಟರು ಅಂತ ಹಿರಿಯರಿಂದ ಕೇಳಿಕೊಂಡು ಬಂದಿದ್ದೇವೆ. ಯೇಸುಸ್ವಾಮಿಗೂ ಅಷ್ಟೇ. ವಿಚಾರಣೆ ಆಯಿತು, ರೋಮಿನ ರಾಜ್ಯಪಾಲ ಪಿಲಾತ ತೀರ್ಪು ಕೊಟ್ಟ, ಸೈನಿಕರು ಅದನ್ನು ನಡೆಸಿದರು. ಅದೇ ದಿನ ಕೊಲೆಗಾರನಾದ ಬರಬ್ಬ ಬಿಡುಗಡೆಯಾಗಿ ಹೊರಗೆ ನಡೆದ. ಮನುಷ್ಯರ ನ್ಯಾಯ ಎಷ್ಟು ತಪ್ಪಬಹುದು ಅಂತ ನಮ್ಮ ಧರ್ಮ ಶಿಲುಬೆಯಲ್ಲೇ ತೂಗುಹಾಕಿಕೊಂಡಿದೆ. ಹಾಗಂತ ಕೋರ್ಟು ಬೇಡ, ಪೊಲೀಸರು ಬೇಡ ಅಂತ ಅದು ಯಾವತ್ತೂ ಹೇಳಿಲ್ಲ.

ಬೈಬಲಿನ ಕಾಯಿನನ ಕತೆ ನೋಡಿ. ತಮ್ಮನನ್ನು ಹೊಲದಲ್ಲಿ ಕೊಂದು ನನಗೇನು ಗೊತ್ತು ಅಂದವನು. ನೆಲಕ್ಕೆ ಬಿದ್ದ ರಕ್ತ ಕೂಗುತ್ತಿದೆ ಅಂತ ದೇವರು ಅವನಿಗೆ ಹೇಳಿದರು. ಕೊಲೆಯನ್ನು ದೇವರು ಸಣ್ಣದು ಮಾಡಲಿಲ್ಲ. ಶಿಕ್ಷೆ ಕೊಟ್ಟರು, ಊರು ಬಿಡಿಸಿದರು. ಆಮೇಲೆ ಯಾರೂ ಅವನನ್ನು ಕೊಲ್ಲದ ಹಾಗೆ ಅವನ ಮೇಲೆ ಒಂದು ಗುರುತನ್ನೂ ಇಟ್ಟರು. ಶಿಕ್ಷೆಯೂ ಅದೇ ಕೈಯಿಂದ, ಕಾವಲೂ ಅದೇ ಕೈಯಿಂದ. ಗಲ್ಲು ಬೇಕು ಅಂತ ಬೇಡುತ್ತಿದ್ದ ನನಗೆ ಆ ಗುರುತು ಮೊದಲೆಲ್ಲ ಕಂಡೇ ಇರಲಿಲ್ಲ. 2018ರಲ್ಲಿ ಫ್ರಾನ್ಸಿಸ್ ಪೋಪರು ಮರಣದಂಡನೆ ಒಪ್ಪತಕ್ಕದ್ದಲ್ಲ ಅಂತ ಧರ್ಮೋಪದೇಶ ಗ್ರಂಥವನ್ನೇ ತಿದ್ದಿಸಿದಾಗಲೂ ನಾನು ಸಿಟ್ಟಿನಿಂದ ಪೇಪರು ಮಡಚಿಟ್ಟಿದ್ದೆ.

ಇನ್ನು ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಆ ಕಳ್ಳ. ನಮಗೆ ಆಗುತ್ತಿರುವುದು ನಮ್ಮ ಕೆಲಸಕ್ಕೆ ತಕ್ಕ ಶಿಕ್ಷೆ ಅಂತ ಅವನು ತನ್ನ ಬಾಯಿಂದಲೇ ಒಪ್ಪಿಕೊಂಡ. ಇವತ್ತೇ ನನ್ನ ಜೊತೆ ಸ್ವರ್ಗದಲ್ಲಿರುತ್ತೀಯ ಅಂತ ಯೇಸು ಮಾತು ಕೊಟ್ಟರು. ಆದರೆ ಅವನನ್ನು ಶಿಲುಬೆಯಿಂದ ಇಳಿಸಲಿಲ್ಲ. ಸಂಜೆ ಸೈನಿಕರು ಬಂದು ಅವನ ಕಾಲು ಮುರಿದರು ಅಂತ ಸುವಾರ್ತೆ ಬರೆದ ಯೊವಾನ್ನರು ಬರೆದಿದ್ದಾರೆ. ಕ್ಷಮೆ ಸಿಕ್ಕಿತ್ತು, ಶಿಕ್ಷೆಯೂ ನಡೆಯಿತು. ಎರಡೂ ಒಂದೇ ಮಧ್ಯಾಹ್ನ, ಒಂದೇ ಮರದ ಮೇಲೆ. ಕ್ಷಮಿಸುವುದು ಅಂದರೆ ಕೇಸು ಬಿಡುವುದು ಅಂತ ನಾವು ಹೆದರುತ್ತೇವೆ ಅಲ್ವಾ? ಕೊಲೆ ಕೇಸಿನಲ್ಲಿ ರಾಜಿಯೇ ಇಲ್ಲ. ಅಲ್ಲಿ ಕೇಸು ನಡೆಸುವುದು ಸರ್ಕಾರ, ಮಾವ್ಶಿ ಬರೀ ಸಾಕ್ಷಿ. ಅವರು ಕ್ಷಮಿಸಿದರೋ ಇಲ್ಲವೋ ಅಂತ ಆರು ವರ್ಷದಲ್ಲಿ ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ಕೇಳುವವರು ದೇವರೊಬ್ಬರೇ.

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಗಂಡುಮಕ್ಕಳನ್ನೂ ವಾಹನದೊಳಗೆ ಸುಟ್ಟುಹಾಕಿದರು. ಚಿಕ್ಕವನಿಗೆ ಆರು ವರ್ಷ. ಕ್ಷಮಿಸಿದ್ದೇನೆ ಅಂತ ಹೆಂಡತಿ ಗ್ಲಾಡಿಸ್ ಹೇಳಿದರು, ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಅದರಿಂದ ಕೇಸು ನಿಲ್ಲಲಿಲ್ಲ. 2003ರಲ್ಲಿ ಮುಖ್ಯ ಅಪರಾಧಿಗೆ ಗಲ್ಲು, 2005ರಲ್ಲಿ ಹೈಕೋರ್ಟಿನಲ್ಲಿ ಅದು ಜೀವಾವಧಿ, 2011ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಜೀವಾವಧಿಯೇ.

ನನಗೆ ಇನ್ನೂ ಹತ್ತಿರ ಅನ್ನಿಸುವುದು ಸಿಸ್ಟರ್ ರಾಣಿ ಮರಿಯಾ ಅವರ ಮನೆಯವರು. ಕೇರಳದ ಹುಡುಗಿ, ಮಧ್ಯಪ್ರದೇಶದ ಹಳ್ಳಿಗಳಲ್ಲಿ ಬಡವರ ಪರವಾಗಿ ನಿಂತವರು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಅವರನ್ನು ಇರಿದು ಕೊಂದರು. ಮೈಮೇಲೆ 50ಕ್ಕೂ ಜಾಸ್ತಿ ಗಾಯ. 2002ರಲ್ಲಿ ಅವರ ತಂಗಿ, ಅವರೂ ಕನ್ಯಾಸ್ತ್ರೀ, ಜೈಲಿಗೆ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. ಅವನು 2006ರಲ್ಲಿ ಬಿಡುಗಡೆಯಾದ. 2017ರ ನವೆಂಬರಿನಲ್ಲಿ ರಾಣಿ ಮರಿಯಾ ಧನ್ಯರ ಸಾಲಿಗೆ, ಅಂದರೆ ಸಂತರಾಗುವ ಹಿಂದಿನ ಮೆಟ್ಟಿಲಿಗೆ, ಸೇರಿದರು. ಈ ಲೆಕ್ಕದಲ್ಲಿ ನಾನು ಯಾವಾಗಲೂ ನಿಲ್ಲುವುದು ಒಂದೇ ಕಡೆ. 1995ರಿಂದ 2002. ಏಳು ವರ್ಷ. ಸಂತರಂಥವರ ಮನೆಗೂ ಅಷ್ಟು ಸಮಯ ಹಿಡಿಯಿತು. ಮಾರನೇ ದಿನವೇ ಕ್ಷಮಿಸಿಬಿಡಿ ಅಂತ ಸಾವಿನ ಮನೆಗೆ ಬಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ನಮ್ಮ ಮನೆಗೂ ಅಂಥವರು ಬಂದಿದ್ದರು. ಮಾವ್ಶಿ ಅವರಿಗೆ ಚಹಾ ಮಾಡಿಕೊಟ್ಟು ಒಳಗೆ ಹೋಗಿದ್ದರು.

ಇದನ್ನೆಲ್ಲ ಬರೆಯಲು ಕಾರಣ ಆ ಸಂಜೆಯ ತೆರ್ಸ್. ಮಂಗಳೂರು ಕಡೆಯ ಕೊಂಕಣಿ ಮನೆಗಳಲ್ಲಿ ಸಂಜೆ ಎಲ್ಲರೂ ಕುಳಿತು ಜಪಸರ ಹೇಳುವುದಕ್ಕೆ ಹಾಗೆ ಅನ್ನುತ್ತೇವೆ. ಒಬ್ಬರು ಮುಂದೆ ಹೇಳಬೇಕು, ಉಳಿದವರು ಉತ್ತರ ಕೊಡಬೇಕು. "ಸ್ವರ್ಗದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆಯಲ್ಲಿ ಮೊದಲ ಅರ್ಧ ಮುಂದೆ ಹೇಳುವವರದ್ದು. ಊಟ ಕೊಡಿ ಅನ್ನುವುದರಿಂದ ಮುಂದಿನದ್ದು ಉಳಿದವರದ್ದು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ನಮ್ಮನ್ನೂ ಕ್ಷಮಿಸು ಅನ್ನುವ ಸಾಲು ಆ ಎರಡನೇ ಅರ್ಧದಲ್ಲಿದೆ.

ಮಗ ಹೋದ ಮೇಲೆ ಮಾವ್ಶಿ ದಿನಾ ತಾವೇ ಮುಂದೆ ಹೇಳುತ್ತಿದ್ದರು. ಬೇರೆಯವರಿಗೆ ಬಿಡುತ್ತಿರಲಿಲ್ಲ. ಜ್ವರ ಬಂದರೂ ಬಿಡಲಿಲ್ಲ. ಅವರ ಭಕ್ತಿ ಜಾಸ್ತಿ ಆಯಿತು ಅಂತ ನಾವೆಲ್ಲ ಅಂದುಕೊಂಡಿದ್ದೆವು. ನಿಜ ನನಗೆ ತಿಳಿದದ್ದು ತುಂಬಾ ತಡವಾಗಿ. ಮುಂದೆ ಹೇಳುವವರಿಗೆ ಆ ಸಾಲು ಬರುವುದಿಲ್ಲ. ಜಪಸರದಲ್ಲಿ ಹತ್ತು ಮಣಿಗಳ ಐದು ದಶಕ. ಶುರುವಿನಲ್ಲಿ ಒಮ್ಮೆ, ದಶಕಕ್ಕೆ ಒಮ್ಮೆ, ಒಟ್ಟು ಆರು ಸಲ ಆ ಸಾಲು ಬರುತ್ತದೆ. ಆರು ವರ್ಷ, ದಿನಕ್ಕೆ ಆರು ಸಲ, ಅವರು ಅದನ್ನು ನಮ್ಮ ಬಾಯಿಗೆ ಬಿಟ್ಟು ಸುಮ್ಮನಿದ್ದರು. ದೇವರ ಮುಂದೆ ಸುಳ್ಳು ಹೇಳಬಾರದು ಅಂತ. ನನಗೆ ಅದು ಪಾಪ ಅಂತ ಅನ್ನಿಸುವುದೇ ಇಲ್ಲ. ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಲ್ಲಿ ಹೇಳದೆ, ಆದರೆ ಪ್ರಾರ್ಥನೆಯನ್ನೂ ಬಿಡದೆ ಕುಳಿತ ಆ ಮೌನವನ್ನು ದೇವರು ಕೇಳಿಸಿಕೊಂಡಿದ್ದಾರೆ ಅಂತ ನಾನು ನಂಬುತ್ತೇನೆ.

ಅತ್ತೂರಿನಿಂದ ಮನೆಗೆ ಬಂದಾಗ ಕತ್ತಲಾಗಿತ್ತು. ಮಾವ್ಶಿ ಕೈಕಾಲು ತೊಳೆದು ಮನೆಯ ಆಲ್ತಾರಿನ (ದೇವರ ಪೀಠದ) ದೀಪ ಹಚ್ಚಿದರು. ಜಪಸರ ತೆಗೆದರು. ಶಿಲುಬೆಗೆ ಮುತ್ತು ಕೊಟ್ಟು, ಅದನ್ನು ನನ್ನ ಕಡೆಗೆ ಚಾಚಿದರು.

"ಇವತ್ತು ನೀನು ಮುಂದೆ ಹೇಳು ಪುತಾ."

ನಾನು ಶುರು ಮಾಡಿದೆ. ನನ್ನ ಅರ್ಧ ಮುಗಿಯಿತು. ಮಾವ್ಶಿ ಊಟದ ಸಾಲು ಹೇಳಿದರು. ಆಮೇಲೆ ನಿಂತರು. ಹೊರಗೆ ರಸ್ತೆಯಲ್ಲಿ ಯಾವುದೋ ಬಸ್ಸು ಹಾರ್ನ್ ಹಾಕುತ್ತಾ ಹೋಯಿತು. ಅದು ದೂರವಾದ ಮೇಲೆ, ತುಂಬಾ ಮೆಲ್ಲಗೆ, ಒಂದೊಂದೇ ಶಬ್ದವಾಗಿ ಆ ಸಾಲನ್ನು ಹೇಳಿದರು. ಮೂರನೇ ದಶಕದಲ್ಲಿ ಗಂಟಲು ಕಟ್ಟಿ ಹೇಳಲಾಗಲಿಲ್ಲ. ನಾನು ಕಾದೆ. ನಾಲ್ಕನೆಯದರಲ್ಲಿ ಮತ್ತೆ ಹೇಳಿದರು.